ಮುಂಬಯಿ ಹೋಟೆಲುಗಳ ಒಳಕೋಣೆ

ವರ್ಲಿ, ನಾಯಗಾಂವ್, ಶಿವಡಿಗಳಲ್ಲಿ 1920ರ ದಶಕದಲ್ಲಿ ಎದ್ದ ಬಿ.ಡಿ.ಡಿ. ಚಾಳುಗಳ ಒಂದೊಂದು ಖೋಲಿಯ ಅಳತೆ ಸುಮಾರು 160 ಚದರಡಿ. ಅಡುಗೆ, ಊಟ, ನಿದ್ದೆ, ಮಕ್ಕಳ ಓದು ಎಲ್ಲವೂ ಅಷ್ಟರಲ್ಲೇ. ಊರಿನಿಂದ ನಾಲ್ಕು ನೆಂಟರು ಬಂದರೆ ಮನೆಯ ಗಂಡಸರು ಎದ್ದು ಹೊರಗಿನ ವರಾಂಡಕ್ಕೆ ಹೋಗಬೇಕು. ಹೀಗಿರುವಾಗ ಸೀಮಂತಕ್ಕೋ ಮಗುವಿನ ಮೊದಲ ಹುಟ್ಟುಹಬ್ಬಕ್ಕೋ ಐವತ್ತು ಜನರನ್ನು ಕರೆಯುವುದು ಎಲ್ಲಿಗೆ? ಚಾಳು ಹೋಗಿ ಟವರ್ ಬಂದರೂ ಮುಂಬಯಿಯ ಬಹುಪಾಲು ಮನೆಗಳಲ್ಲಿ ಈ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಉತ್ತರ ಕೊಟ್ಟದ್ದು ಹೋಟೆಲುಗಳು. ಅದರಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು.

ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಲೋವರ್ ಪರೇಲ್‌ಗಳ ದುಬಾರಿ ರೆಸ್ಟೋರೆಂಟುಗಳಲ್ಲಿ ಈಗ ‘ಪ್ರೈವೇಟ್ ಡೈನಿಂಗ್’ ಎಂಬ ಪ್ರತ್ಯೇಕ ಕೋಣೆ ಇರುತ್ತದೆ. ಗಾಜಿನ ಬಾಗಿಲು, ಉದ್ದನೆಯ ಮೇಜು, ನಿಮ್ಮ ಮಂದಿಗಷ್ಟೇ ಮೀಸಲಾದ ವೈಟರುಗಳು. ಇದು ನಿನ್ನೆ ಮೊನ್ನೆ ವಿದೇಶದಿಂದ ಬಂದ ಶೋಕಿ ಎಂದು ನಾನು ಒಪ್ಪುವುದಿಲ್ಲ. ಇದರ ಹಿರಿಯಕ್ಕ ‘ಫ್ಯಾಮಿಲಿ ರೂಮ್’. ಇರಾನಿ ಹೋಟೆಲುಗಳಲ್ಲೂ ಉಡುಪಿ ಹೋಟೆಲುಗಳಲ್ಲೂ ಮರದ ಅಡ್ಡಗೋಡೆ ಹಾಕಿ, ಪರದೆ ಇಳಿಬಿಟ್ಟು, ಹೆಂಗಸರು ಮಕ್ಕಳು ನೆಮ್ಮದಿಯಿಂದ ಕೂತು ತಿನ್ನಲೆಂದು ಮಾಡಿದ ಜಾಗ ಅದು.

ಉಡುಪಿ ಹೋಟೆಲುಗಳ ಮಟ್ಟಿಗೆ ಅದಕ್ಕೂ ಮೊದಲಿನ ಕಥೆ ಮಾಟುಂಗದ್ದು. ಎ. ರಾಮ ನಾಯಕರ ಕೆಫೆ ಮೈಸೂರು 1936ರದ್ದು, ಗೋಪಾಲ ಕಾಮತರ ಕೆಫೆ ಮದ್ರಾಸ್ 1940ರದ್ದು, ಸ್ಟೇಷನ್ ಪಕ್ಕದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಆಫೀಸು, ಮಿಲ್ಲುಗಳಲ್ಲಿ ದುಡಿಯುವ, ಸಂಸಾರವನ್ನು ಊರಲ್ಲೇ ಬಿಟ್ಟು ಬಂದ ಒಂಟಿ ಗಂಡಸರ ಹೊಟ್ಟೆ ತುಂಬಿಸಲು ಹುಟ್ಟಿದಂಥ ಜಾಗಗಳು ಇವು. ಅಲ್ಲಿ ಉಂಡವನು ಬೇಗ ಎದ್ದರೇ ಮುಂದಿನವನಿಗೆ ಎಲೆ. ಸಂಸಾರಗಳು ಮುಂಬಯಿಗೆ ಬಂದು ನೆಲೆಸಿದ ಮೇಲೆ ಮಹಡಿಯ ಎ.ಸಿ. ಸೆಕ್ಷನ್ ಬಂತು, ದರಪಟ್ಟಿ ಬೇರೆಯಾಯಿತು, ಆಮೇಲೆ ಪಾರ್ಟಿ ಹಾಲ್. ಠಾಣೆ, ಮುಲುಂಡ್, ಬೊರಿವಿಲಿಗಳಲ್ಲಿ ಶೆಟ್ಟರ ಹೋಟೆಲಿನ ಮೊದಲ ಮಹಡಿಯ ಹಾಲಿನಲ್ಲಿ ಒಂದಾದರೂ ಹುಟ್ಟುಹಬ್ಬ ಉಣ್ಣದ ಮುಂಬಯಿ ಕನ್ನಡಿಗ ಸಿಗುವುದು ಕಷ್ಟ.

ಮೀನೂಟದವರ ಹಾದಿ ಇನ್ನೂ ಸ್ವಾರಸ್ಯದ್ದು. ಫೋರ್ಟಿನ ಕಾವಸ್‌ಜಿ ಪಟೇಲ್ ಸ್ಟ್ರೀಟ್‌ನಲ್ಲಿ ಸೂರು ಕರ್ಕೇರರು 1970ರ ದಶಕದಲ್ಲಿ ತೆರೆದ ಮಹೇಶ್ ಲಂಚ್ ಹೋಮ್ ಹೆಸರೇ ಹೇಳುವಂತೆ ಮಧ್ಯಾಹ್ನದ ಊಟದ ಮನೆ. ಅದೇ ಮುಂದೆ ಜುಹುವಿಗೂ ಹಬ್ಬಿ, ಸಿನಿಮಾದವರು, ಕ್ರಿಕೆಟಿನವರು ಬಂದು ಏಡಿ ತಿನ್ನುವ ಮೇಲ್ದರ್ಜೆಯ ರೆಸ್ಟೋರೆಂಟ್ ಆಯಿತು. ಕಾಲಾಘೋಡಾದ ತ್ರಿಶ್ನಾದ ಬೆಣ್ಣೆ-ಬೆಳ್ಳುಳ್ಳಿ ಏಡಿಯ ಕೀರ್ತಿ ಎಷ್ಟೆಂದರೆ, 2008ರಲ್ಲಿ ಲಂಡನ್ನಿನಲ್ಲಿ ಅದೇ ಹೆಸರಿನ ರೆಸ್ಟೋರೆಂಟ್ ತೆರೆಯಿತು, 2012ರಲ್ಲಿ ಅದಕ್ಕೆ ಮಿಶಲಿನ್ ತಾರೆಯೂ ಬಂತು. ಇತ್ತ ಸಸ್ಯಾಹಾರದವರಲ್ಲಿ, ಇಡ್ಲಿ-ದೋಸೆಯ ಹೋಟೆಲಿನ ಗಲ್ಲಾದ ಹಿಂದೆ ಕೆಲಸ ಕಲಿತ ವಿಠ್ಠಲ ಕಾಮತರು ವಿಲೇಪಾರ್ಲೆಯಲ್ಲಿ ಪಂಚತಾರಾ ಆರ್ಕಿಡ್ ಕಟ್ಟಿದ್ದು 1997ರಲ್ಲಿ.

ಹಾಲ್, ದೀಪ, ಗಾಜು ಎಲ್ಲ ದುಡ್ಡಿದ್ದರೆ ಆಗುವ ಕೆಲಸ. ಕಸಬು ಇರುವುದು ಒಳಗೆ. ನೀರುದೋಸೆಯನ್ನೇ ನೋಡಿ. ನಲವತ್ತು ಮಂದಿಯ ಊಟಕ್ಕೆ ಅದನ್ನು ಮುಂಚೆ ಹೊಯ್ದು ಪೇರಿಸಿಟ್ಟರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಹಾಗಾಗಿ ಎರಡು ಮೂರು ಕಾವಲಿ ಇಟ್ಟು, ಜನ ಮೇಜಿಗೆ ಕೂತ ಮೇಲೆಯೇ ಹೊಯ್ಯಬೇಕು. ಎಲ್ಲರೂ ಒಮ್ಮೆಗೇ ಕೇಳದಂತೆ ನೋಡಿಕೊಳ್ಳುವುದು ಕ್ಯಾಪ್ಟನ್‌ನ ಜಾಣತನ. ಒಂದು ಮೇಜಿಗೆ ಸ್ಟಾರ್ಟರ್ ಇನ್ನೊಂದು ಸುತ್ತು ಹೋಗುತ್ತದೆ, ಇನ್ನೊಂದಕ್ಕೆ ಕೋರಿ ಗಸಿ ಇಳಿಯುತ್ತದೆ, ಮಕ್ಕಳ ಮೇಜಿಗೆ ಎಲ್ಲಕ್ಕಿಂತ ಮುಂಚೆ ಊಟ. ಕಾಣೆ, ಅಂಜಲ್ ತುಂಡುಗಳಿಗೆ ಮಸಾಲೆ ಹಚ್ಚಿಡುವುದು ಮೊದಲೇ. ತವಾಕ್ಕೆ ಬೀಳುವುದು ಮಾತ್ರ ಅತಿಥಿ ಕೂತ ಮೇಲೆ. ಜೀವಂತ ಏಡಿಯನ್ನು ಮೇಜಿಗೆ ತಂದು ತೋರಿಸಿ, ಅದು ಮೆಣಸಿಗೋ ಬೆಣ್ಣೆಗೋ ಎಂದು ಕೇಳಿ ಒಯ್ಯುವ ಪದ್ಧತಿಯಲ್ಲಿ ತಾಜಾತನದ ಖಾತ್ರಿಯೂ ಇದೆ, ಆತಿಥ್ಯವೂ ಇದೆ. ಅದೇ ಕೋಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಮುಟ್ಟದ ಜೈನ ಗೆಳೆಯನೂ ಕೂತಿರುತ್ತಾನೆ. ಅವನ ಪಾತ್ರೆ, ಸೌಟು ಬೇರೆಯೇ ಇರಬೇಕು. ಇದನ್ನು ಯಾರೂ ನೆನಪಿಸದೆ ಮಾಡುವ ಅಡುಗೆಮನೆಯೇ ಮುಂಬಯಿಯ ಒಳ್ಳೆಯ ಅಡುಗೆಮನೆ.

ಮನೆಯಲ್ಲಿ ಯಜಮಾನ ಮಾಡಬೇಕಾದ ಕೆಲಸವನ್ನು ಔತಣದ ಆ ಮೂರು ಗಂಟೆ ಕ್ಯಾಪ್ಟನ್ ಹೊತ್ತುಕೊಳ್ಳುತ್ತಾನೆ. ಅಜ್ಜಿಗೆ ಎ.ಸಿ. ಗಾಳಿ ನೇರ ಬಡಿಯದ ಕುರ್ಚಿ, ಬಾಣಂತಿಗೆ ಮೂಲೆಯ ಜಾಗ, ಬೇಸರದಲ್ಲಿರುವ ಭಾವನಿಗೆ ಮೊದಲ ಗ್ಲಾಸ್. ಉಡುಪಿ, ಕುಂದಾಪುರ, ಕಾರ್ಕಳಗಳ ಕಡೆಯಿಂದ ಹುಡುಗರಾಗಿ ಬಂದು, ಮೇಜು ಒರೆಸಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಕ್ಯಾಪ್ಟನ್ ಆಗಿ, ಕೆಲವರು ಮಾಲೀಕರೂ ಆದರು. ಈ ಒಳಕೋಣೆಯ ಸಂಸ್ಕೃತಿ ಕಟ್ಟಿದವರು ಅವರು. ಈಗ ಆ ಜಾಗಕ್ಕೆ ಉತ್ತರಾಖಂಡ, ಬಿಹಾರ, ಒಡಿಶಾದ ಹುಡುಗರು ಬಂದಿದ್ದಾರೆ. ಕಲಿಸುವ ಹಿರಿಯ ಇನ್ನೂ ಅನೇಕ ಕಡೆ ನಮ್ಮವನೇ.

ಮುಚ್ಚಿದ ಬಾಗಿಲ ಹಿಂದೆ ಬಡಿಸುವವರ ಹೊಣೆ ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ ಈ ನಗರದಲ್ಲಿ ಮರೆಯಬಾರದ ಸಾಕ್ಷಿಯಿದೆ. 2008ರ ನವೆಂಬರ್ 26ರ ರಾತ್ರಿ ತಾಜ್ ಮಹಲ್ ಹೋಟೆಲಿನ ಒಂದು ಹಾಲಿನಲ್ಲಿ ಯೂನಿಲಿವರ್ ಕಂಪನಿಯ ಬೀಳ್ಕೊಡುಗೆ ಔತಣ ನಡೆಯುತ್ತಿತ್ತು. ಹೋಟೆಲಿಗೆ ನುಗ್ಗಿದ ಭಯೋತ್ಪಾದಕರ ಗುಂಡಿನ ಸದ್ದು ಕೇಳಿದೊಡನೆ 24ರ ಹರೆಯದ ಬ್ಯಾಂಕ್ವೆಟ್ ಮ್ಯಾನೇಜರ್ ಮಲ್ಲಿಕಾ ಜಗದ್ ಬಾಗಿಲು ಹಾಕಿಸಿ, ದೀಪ ಆರಿಸಿ, ಎಲ್ಲರನ್ನೂ ಮೇಜಿನ ಕೆಳಗೆ ಮಲಗಿಸಿದರು. ಸಿಬ್ಬಂದಿ ರಾತ್ರಿಯಿಡೀ ನೀರು ಕೊಡುತ್ತ, ಧೈರ್ಯ ಹೇಳುತ್ತ ಕಾದರು. ಬೆಳಿಗ್ಗೆ ಅಗ್ನಿಶಾಮಕ ದಳದವರು ಕಿಟಕಿಯಿಂದ ಇಳಿಸುವಾಗ ಅತಿಥಿಗಳು ಮೊದಲು ಇಳಿದರು, ಬಡಿಸುವವರು ಆಮೇಲೆ.

ಇದಕ್ಕೆ ವ್ಯತಿರಿಕ್ತವಾದ ಪಾಠವೂ ಇದೆ. 2017ರ ಡಿಸೆಂಬರ್ 29ರ ನಡುರಾತ್ರಿಯ ನಂತರ ಕಮಲಾ ಮಿಲ್ಸ್ ಆವರಣದ ಮೇಲ್ಛಾವಣಿ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಮಂದಿ ತೀರಿಕೊಂಡರು. ಹುಟ್ಟುಹಬ್ಬ ಆಚರಿಸಲು ಬಂದವರು ಅವರಲ್ಲಿದ್ದರು. ಹಾಲ್ ಬುಕ್ ಮಾಡಲು ಹೋದಾಗ ಹೂವಿನ ಅಲಂಕಾರದ ಫೋಟೊ ನೋಡುವ ಮೊದಲು ಎರಡನೇ ಬಾಗಿಲು ಎಲ್ಲಿದೆ, ಅದು ತೆರೆಯುತ್ತದೆಯೇ, ಮೆಟ್ಟಿಲ ಮೇಲೆ ಸಿಲಿಂಡರ್, ಕುರ್ಚಿ ಪೇರಿಸಿಲ್ಲವಷ್ಟೇ ಎಂದು ನೀವೇ ನಡೆದು ನೋಡಿ. ನಾಚಿಕೆಪಡುವ ವಿಷಯವಲ್ಲ ಇದು.

ಉಳಿದ ವ್ಯವಹಾರ ಸರಳ. ಎಷ್ಟು ಮಂದಿಗೆ ಗ್ಯಾರಂಟಿ ಕೊಡುತ್ತೀರೋ ಅಷ್ಟು ಪ್ಲೇಟಿಗೆ ಹಣ ಕಟ್ಟಬೇಕು, ಬಂದವರು ಕಡಿಮೆಯಾದರೂ. ಆದ್ದರಿಂದ ಲೆಕ್ಕ ಬಿಗಿಯಾಗಿ ಹೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ಮೀನಿನೌತಣವಿದ್ದರೆ ಯಾವುದು ತಾಜಾ, ಯಾವುದು ಫ್ರೋಜನ್ ಎಂದು ಕೇಳಿ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿಯಂಥ ಮದ್ಯಕ್ಕೆ 25 ವರ್ಷವಾಗಿರಬೇಕು. ಮಗನ ಕಾಲೇಜು ಗೆಳೆಯರ ಪಾರ್ಟಿಯಾದರೆ ಇದನ್ನು ನೆನಪಿಡಿ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ಹಣ ಉಳಿಯಿತೆಂದು ಕೈ ಬಿಗಿ ಮಾಡಬೇಡಿ. ಬಡಿಸಿದವರಿಗೆ ಕೊಡುವುದನ್ನು ಕ್ಯಾಪ್ಟನ್‌ನ ಕೈಯಲ್ಲೇ ಕೊಟ್ಟು, ಅಡುಗೆಮನೆಗೂ ಪಾಲು ಹೋಗಲಿ ಎಂದು ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು. ನಿಮ್ಮ ಪಾರ್ಟಿ ಹನ್ನೊಂದಕ್ಕೆ ಎಂದಿದ್ದರೆ ಹನ್ನೊಂದಕ್ಕೆ ಏಳಿ. ನೀವು ಎದ್ದ ಮೇಲೆ ಹಾಲ್ ತೊಳೆದು, ಪಾತ್ರೆ ಎಣಿಸಿ, ಆಮೇಲೆ ಅವರ ಊಟ. ವಿರಾರ್, ಡೊಂಬಿವಿಲಿ ಕಡೆಗೆ ಮನೆ ಇರುವವನಿಗೆ ನಡುರಾತ್ರಿಯ ಕೊನೆಯ ಲೋಕಲ್ ತಪ್ಪಿದರೆ ಮುಂದಿನ ಗಾಡಿ ಬೆಳಗಿನ ಜಾವಕ್ಕೇ.