ಉಲ್ಲೇಖವೆಂದರೆ ಒಂದು ವಿಳಾಸ

ಲಕೋಟೆಯ ಮೇಲೆ ‘ಪಾಟೀಲರಿಗೆ, ನಿಲಂಗಾ’ ಎಂದಷ್ಟೇ ಬರೆದು ಅಂಚೆ ಡಬ್ಬಿಗೆ ಹಾಕಿದರೆ ಆ ಕಾಗದ ಯಾರ ಮನೆ ಸೇರೀತು? ನಿಲಂಗಾದಲ್ಲಿ ಪಾಟೀಲರ ಮನೆಗಳು ಒಂದೆರಡೇ? ಪೂರ್ತಿ ಹೆಸರು, ಓಣಿ, ಊರು, ತಾಲೂಕು, ಜಿಲ್ಲೆ, ಪಿನ್‌ಕೋಡ್ ಇಷ್ಟನ್ನೂ ಕ್ರಮವಾಗಿ ಬರೆದಾಗಲೇ ಕಾಗದ ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ವಿಜ್ಞಾನ ಲೇಖನಗಳ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಆಧಾರಸೂಚಿಯೂ ಇಂಥದೇ ವಿಳಾಸಗಳ ಪಟ್ಟಿ. ಲೇಖಕನು ಹೇಳಿದ ಮಾತು ಎಲ್ಲಿಂದ ಬಂತು, ಅದನ್ನು ನೋಡಬಯಸುವವರು ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ತಿಳಿಸುತ್ತದೆ.

ವಿಜ್ಞಾನ ಪ್ರದರ್ಶನಕ್ಕೆ ವಿದ್ಯಾರ್ಥಿಗಳು ತರುವ ವರದಿಗಳ ಕೊನೆಯಲ್ಲಿ ‘ಆಧಾರ: ಗ್ರಂಥಾಲಯದ ಪುಸ್ತಕಗಳು ಮತ್ತು ಇಂಟರ್‌ನೆಟ್’ ಎಂದು ಬರೆದಿರುವುದನ್ನು ನಾವು ಎಷ್ಟೋ ಸಲ ನೋಡುತ್ತೇವೆ. ಇದೂ ‘ಪಾಟೀಲರಿಗೆ, ನಿಲಂಗಾ’ ಎಂದು ಬರೆದಂತೆಯೇ ಸರಿ. ಇದರಿಂದ ಏನು ಕೆಡುಕು ಎಂದು ಕೇಳುವವರಿಗೆ ನಮ್ಮ ಸೀಮೆಯದೇ ಒಂದು ಉದಾಹರಣೆ ಕೊಡುತ್ತೇವೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, 3 ಗಂಟೆ 56 ನಿಮಿಷದ ಸುಮಾರಿಗೆ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು ಮೊದಲಾದ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆಯೇ ಕುಸಿದವು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಿರಿಯರು ಇಂದಿಗೂ ಆ ರಾತ್ರಿಯನ್ನು ಮರೆತಿಲ್ಲ.

ಈ ವಿಷಯವಾಗಿ ಒಬ್ಬ ವಿದ್ಯಾರ್ಥಿನಿ ಪ್ರಬಂಧ ಬರೆಯಲು ಕುಳಿತಳೆಂದು ತಿಳಿಯೋಣ. ಭೂಕಂಪದ ಪ್ರಮಾಣ 6.2 ಎಂದು ಒಂದು ಪುಸ್ತಕ ಹೇಳುತ್ತದೆ, 6.4 ಎಂದು ಇನ್ನೊಂದು ಹೇಳುತ್ತದೆ. ಹಿರಿಯರು 30ನೆಯ ತಾರೀಖು ಎಂದರೆ, ವಿದೇಶದ ವಿಜ್ಞಾನ ಪತ್ರಿಕೆಯಲ್ಲಿ 29 ಎಂದಿದೆ. ಸತ್ತವರು 7,928 ಎಂದು ಒಂದು ಕಡೆ, 9,748 ಎಂದು ಇನ್ನೊಂದು ಕಡೆ. ಹುಡುಗಿ ಯಾವುದನ್ನು ನಂಬಬೇಕು?

ಮೂಲಕ್ಕೆ ಹೋಗಿ ನೋಡಿದರೆ ಗಂಟು ಒಂದೊಂದಾಗಿ ಬಿಡುತ್ತದೆ. ಭೂಕಂಪದ ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮಗಳು ಹಲವು. ಕ್ರಮ ಬದಲಾದಂತೆ ಅಂಕಿಯೂ ತುಸು ಬದಲಾಗುತ್ತದೆ. ವಿಜ್ಞಾನಿಗಳು ಜಗತ್ತಿಗೆಲ್ಲ ಒಂದೇ ಆದ ಗಡಿಯಾರವನ್ನು ಬಳಸುತ್ತಾರೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ನಮಗೆ 30ರ ನಸುಕಾದಾಗ ಆ ಲೆಕ್ಕದಲ್ಲಿ ಇನ್ನೂ 29ರ ರಾತ್ರಿ ಹತ್ತೂವರೆ ಆಗಿರಲಿಲ್ಲ. ಆದ್ದರಿಂದ ಎರಡು ತಾರೀಖುಗಳೂ ನಿಜವೇ. ಆದರೆ ಮೂರನೆಯ ಗಂಟು ಅಷ್ಟು ಸುಲಭದ್ದಲ್ಲ. ಆ ಎರಡು ಸಂಖ್ಯೆಗಳ ನಡುವಿನ ಅಂತರ 1,820. ಅವು ಬರಿಯ ಅಂಕಿಗಳಲ್ಲ, ನಮ್ಮ ನೆರೆಹೊರೆಯ ಜೀವಗಳು. ಯಾರು, ಯಾವಾಗ ಎಣಿಸಿದ ಸಂಖ್ಯೆ ಎಂಬುದನ್ನು ತಿಳಿಸದೆ ಬರೆದರೆ, ಮುಂದೆ ಓದುವವರು ಅದನ್ನು ಪರೀಕ್ಷಿಸಿ ನೋಡುವ ದಾರಿಯನ್ನೇ ನಾವು ಮುಚ್ಚಿದಂತಾಗುತ್ತದೆ.

ಹಾಗಾದರೆ ಆಧಾರವನ್ನು ಬರೆಯುವ ಕ್ರಮವೇನು? ಪುಸ್ತಕವಾದರೆ ಲೇಖಕರ ಇಲ್ಲವೆ ಸಂಪಾದಕರ ಹೆಸರು, ವರ್ಷ, ಪುಸ್ತಕದ ಹೆಸರು, ಪ್ರಕಾಶಕರು, ಊರು. ಒಂದು ಮಾತನ್ನು ಎತ್ತಿಕೊಂಡಿದ್ದರೆ ಅದರ ಪುಟ. ನಮ್ಮ ಭೂಕಂಪದ ಮೇಲಿನ ಒಂದು ಮುಖ್ಯ ಗ್ರಂಥವನ್ನು ಹೀಗೆ ಬರೆಯಬಹುದು: ಗುಪ್ತಾ, ಎಚ್.ಕೆ. (ಸಂ.), 1994, ಲಾತೂರ್ ಅರ್ತ್‌ಕ್ವೇಕ್, ಮೆಮೊಯರ್ 35, ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ, ಬೆಂಗಳೂರು.

ವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನವಾದರೆ ಪ್ರಕಾಶಕರ ಬದಲು ಪತ್ರಿಕೆಯ ಹೆಸರು, ಸಂಪುಟ ಮತ್ತು ಪುಟಗಳು ಬೇಕು. ಪ್ರತಿ ಫೆಬ್ರವರಿ 28ರಂದು ನಾವು ವಿಜ್ಞಾನ ದಿನ ಆಚರಿಸುತ್ತೇವಲ್ಲವೆ? ಅದಕ್ಕೆ ಕಾರಣವಾದ ಶೋಧವನ್ನು ಕುರಿತ ಲೇಖನದ ವಿಳಾಸ ಇದು: ರಾಮನ್, ಸಿ.ವಿ. ಮತ್ತು ಕೃಷ್ಣನ್, ಕೆ.ಎಸ್., 1928, ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್, ನೇಚರ್, ಸಂಪುಟ 121, ಪುಟ 501–502. ಈ ಒಂದು ಸಾಲು ಕೈಯಲ್ಲಿದ್ದರೆ, ಜಗತ್ತಿನ ಯಾವ ದೊಡ್ಡ ಗ್ರಂಥಾಲಯದಲ್ಲಾದರೂ ಆ ಎರಡು ಪುಟಗಳನ್ನು ತೆಗೆಸಿ ಓದಬಹುದು.

ಲೇಖನದ ಒಳಗೆ ಆಧಾರವನ್ನು ಸೂಚಿಸಲು ಎರಡು ಪದ್ಧತಿಗಳು ಹೆಚ್ಚಾಗಿ ರೂಢಿಯಲ್ಲಿವೆ. ಒಂದು, ವಾಕ್ಯದ ಪಕ್ಕದಲ್ಲಿ 1, 2, 3 ಎಂದು ಅಂಕಿ ಹಾಕಿ ಕೊನೆಯ ಪಟ್ಟಿಯಲ್ಲಿ ಅದೇ ಅಂಕಿಯ ಮುಂದೆ ವಿವರ ಕೊಡುವುದು. ಇನ್ನೊಂದು, ಕಂಸದಲ್ಲಿ ‘ಗುಪ್ತಾ, 1994’ ಎಂದು ಬರೆದು ಕೊನೆಯ ಪಟ್ಟಿಯನ್ನು ಹೆಸರುಗಳ ಅಕಾರಾದಿಯಲ್ಲಿ ಜೋಡಿಸುವುದು. 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯದು ಅಂಕಿಯ ಪದ್ಧತಿ. ಭೂವಿಜ್ಞಾನದ ಪತ್ರಿಕೆಗಳಲ್ಲಿ ಹೆಸರು-ವರ್ಷದ ಪದ್ಧತಿ ಹೆಚ್ಚು. ಯಾವ ಪತ್ರಿಕೆಗೆ ಹಸ್ತಪ್ರತಿ ಕಳಿಸುತ್ತೇವೆಯೋ ಅದರ ನಿಯಮವನ್ನು ಓದಿಕೊಂಡು, ಅಲ್ಪವಿರಾಮದವರೆಗೂ ಹಾಗೆಯೇ ಬರೆಯಬೇಕು. ಎರಡನ್ನೂ ಬೆರೆಸಬಾರದು. ಕೊನೆಗೆ ಒಂದು ತಾಳೆ ನೋಡುವ ಕೆಲಸವುಂಟು: ಒಳಗೆ ಬಂದ ಪ್ರತಿ ಹೆಸರೂ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿರುವ ಪ್ರತಿ ಹೆಸರೂ ಒಳಗೆ ಬಂದಿರಬೇಕು.

ಗಡಿಭಾಗದವರಾದ ನಾವು ಹೆಸರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಇಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಕರ್ನಾಟಕದ ಎಷ್ಟೋ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ, ಸ್ವಂತ ಹೆಸರು ಹಿಂದೆ. ಸಿ.ವಿ. ರಾಮನ್ನರ ‘ಸಿ’ ಅವರ ತಂದೆ ಚಂದ್ರಶೇಖರರದು. ರಾಮನ್ ಎಂಬುದು ಅಡ್ಡಹೆಸರೇ ಅಲ್ಲ. ಒಬ್ಬನೇ ಮನುಷ್ಯ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಹೆಸರು ಬರೆದುಕೊಂಡರೆ ಪಟ್ಟಿಗಳಲ್ಲಿ ಇಬ್ಬರಾಗುತ್ತಾನೆ. ಊರುಗಳ ಹೆಸರೂ ಹೀಗೆಯೇ. ಅದೇ ಭೂಕಂಪವನ್ನು ಕೆಲವರು ಲಾತೂರ್ ಭೂಕಂಪವೆಂದೂ ಕೆಲವರು ಕಿಲ್ಲಾರಿ ಭೂಕಂಪವೆಂದೂ ಕರೆದಿದ್ದಾರೆ. ಲೇಖಕರು ಕೊಟ್ಟ ಶೀರ್ಷಿಕೆಯನ್ನು ನಾವು ತಿದ್ದಬಾರದು. ವರ್ಷವನ್ನಂತೂ ಬಿಡಲೇಬಾರದು: 1982ಕ್ಕೆ ತುಸು ಮುಂಚಿನ ಪುಸ್ತಕಗಳಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಉಸ್ಮಾನಾಬಾದ್ ಜಿಲ್ಲೆಯಲ್ಲಿರುತ್ತವೆ, ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ವರ್ಷ ನೋಡಿದವರಿಗೆ ಮಾತ್ರ ಅದು ತಪ್ಪಲ್ಲವೆಂದು ತಿಳಿಯುತ್ತದೆ.

ಅಜ್ಜಿ ಹೇಳಿದ ಅನುಭವವನ್ನು ಬರೆಯಬಾರದೇ? ಅಗತ್ಯವಾಗಿ ಬರೆಯಬೇಕು. ಅವರ ಒಪ್ಪಿಗೆ ಪಡೆದು, ಯಾರು, ಯಾವ ಊರಲ್ಲಿ, ಯಾವ ದಿನ ಹೇಳಿದರೆಂದು ಆ ಮಾತಿನ ಪಕ್ಕದಲ್ಲೇ ಸೂಚಿಸಬೇಕು. ಅಂತರ್ಜಾಲದ ಪುಟವಾದರೆ ಅದರ ಪೂರ್ತಿ ವಿಳಾಸದೊಡನೆ ನಾವು ನೋಡಿದ ದಿನಾಂಕವನ್ನೂ ಬರೆಯಬೇಕು. ಏಕೆಂದರೆ ಆ ಪುಟ ನಾಳೆ ಬದಲಾಗಬಹುದು.

ಎಲ್ಲಕ್ಕೂ ಮಿಗಿಲಾದ ನಿಯಮವೊಂದಿದೆ: ಓದದ ಪುಸ್ತಕವನ್ನು ಪಟ್ಟಿಗೆ ಸೇರಿಸಬಾರದು. ರಾಮನ್ನರ ಲೇಖನದ ಸಂಗತಿಯನ್ನು ಪಾಠಪುಸ್ತಕದಲ್ಲಿ ಓದಿದ್ದರೆ, ಪಾಠಪುಸ್ತಕದ ಹೆಸರನ್ನೇ ಬರೆಯಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ.

ನಮಗೆ ಸಮೀಪದ ಬಸವಕಲ್ಯಾಣದ ನೆಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಶರಣರು ತಮ್ಮ ವಚನಗಳಿಗೆ ಅಂಕಿತವಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು ಎಂದು ಇಂದಿಗೂ ನಾವು ಗುರುತಿಸುತ್ತೇವೆ. ಯಾರ ಮಾತು ಯಾರದೆಂದು ಉಳಿಸಿಕೊಡುವ ಬುದ್ಧಿ ನಮಗೆ ಹೊಸದಲ್ಲ. ವಿದ್ಯಾರ್ಥಿಗಳು ಮುಂದಿನ ವರದಿಯಲ್ಲಿ ಮೂರೇ ಆಧಾರಗಳನ್ನಾದರೂ ಸರಿಯಾದ ಕ್ರಮದಲ್ಲಿ ಬರೆಯಲಿ. ಪಾಲಕರೂ ಮಕ್ಕಳ ವರದಿ ನೋಡುವಾಗ ‘ಇದು ಎಲ್ಲಿಂದ ತಿಳಿಯಿತು?’ ಎಂದು ಒಂದು ಮಾತು ಕೇಳಲಿ. ಆ ಒಂದು ಪ್ರಶ್ನೆಯಿಂದಲೇ ವಿಜ್ಞಾನದ ಅಭ್ಯಾಸ ಮೊದಲಾಗುತ್ತದೆ.