ಬೂದಿ ಮುಚ್ಚಿದ ಕೆಂಡ

ಕಳೆದ ತಿಂಗಳು ನಮ್ಮ ಮನೆಯಲ್ಲಿ ಕೂಟ ಸೇರಿದ್ದಾಗ ಸುಟ್ಟ ಬದನೆಕಾಯಿ ಗೊಜ್ಜು ತಿಂದವರಲ್ಲಿ ಮೂವರು ರೆಸಿಪಿ ಕೇಳಿ ಇಮೇಲ್ ಬರೆದಿದ್ದಾರೆ. (ಅಂದು ಓದಿದ ಪ್ರಬಂಧದ ಬಗ್ಗೆ ಒಬ್ಬರೂ ಬರೆದಿಲ್ಲ, ಇರಲಿ!) ರೆಸಿಪಿಯಲ್ಲಿ ಏನೂ ಇಲ್ಲ. ಹುಣಸೆರಸ, ಬೆಲ್ಲ, ಹಸಿಮೆಣಸು, ಮೇಲೊಂದು ಒಗ್ಗರಣೆ; ಊರಲ್ಲಿ ನಿಮ್ಮಮ್ಮ ಮಾಡುತ್ತಿದ್ದದ್ದೇ. ವ್ಯತ್ಯಾಸವೆಲ್ಲ ಇರುವುದು ಕೆಂಡದಲ್ಲಿ. ಆದ್ದರಿಂದ ಈ ಸಲ ಗೊಜ್ಜನ್ನು ಬದಿಗಿಟ್ಟು ಕೆಂಡದ ಬಗ್ಗೆಯೇ ಬರೆಯುತ್ತಿದ್ದೇವೆ. 'ನಾವು' ಎಂದರೆ ಗಂಡ-ಹೆಂಡತಿ ಇಬ್ಬರೂ. ಒಲೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಏಕವಚನ ನಡೆಯುವುದಿಲ್ಲ.

ನ್ಯೂಜೆರ್ಸಿಯ ನಮ್ಮ ಹಿತ್ತಿಲಲ್ಲಿರುವುದು ಬುಲೆಟ್ ಸ್ಮೋಕರ್. ದೂರದಿಂದ ನೋಡಿದರೆ ಮದುವೆಮನೆಯ ಇಡ್ಲಿ ಪಾತ್ರೆಗೆ ಕಪ್ಪು ಬಣ್ಣ ಬಳಿದು ಮೂರು ಕಾಲು ಜೋಡಿಸಿದಂತಿದೆ. ಒಳಗೂ ಸುಮಾರು ಹಾಗೆಯೇ. ತಳದಲ್ಲಿ ಇದ್ದಿಲು, ನಡುವೆ ನೀರಿನ ತಟ್ಟೆ, ಅದರ ಮೇಲೆ ಎರಡು ಅಂತಸ್ತಿನ ಜಾಲರಿ, ಎಲ್ಲಕ್ಕೂ ಮೇಲೆ ಗುಮ್ಮಟದಂಥ ಮುಚ್ಚಳ. ಈ ದುಂಡು ಮುಚ್ಚಳದ ಮೂಲಪುರುಷ ಜಾರ್ಜ್ ಸ್ಟೀಫನ್. ಷಿಕಾಗೊ ಪ್ರದೇಶದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಆತ 1952ರಲ್ಲಿ, ನೀರಿನಲ್ಲಿ ತೇಲಿಬಿಡುವ ಲೋಹದ ಬುರುಡೆಯನ್ನು ಎರಡು ಹೋಳು ಮಾಡಿ ಒಂದರ ಮೇಲೊಂದು ಕವುಚಿದ. ಗಾಳಿ ಮಳೆಗೆ ಹೆದರದ ಕೆಟಲ್ ಗ್ರಿಲ್ ಹುಟ್ಟಿದ್ದು ಹೀಗೆ.

ಬಾಯಿ ಚಪ್ಪರಿಸುವ ಮೊದಲು ಒಂದು ಮಾತು ತಲೆಗೆ ಹತ್ತಬೇಕು. ಈ ಪಾತ್ರೆಯಲ್ಲಿ ಬೆಂಕಿಯನ್ನು ಆಳುವುದು ಇದ್ದಿಲಲ್ಲ, ಗಾಳಿ. ಊರಿನ ಇಸ್ತ್ರಿಯವನ ಹಿತ್ತಾಳೆ ಪೆಟ್ಟಿಗೆ ನೆನಪಿದೆಯಲ್ಲ? ಪಕ್ಕದಲ್ಲಿ ಸಾಲು ತೂತು, ಒಳಗೆ ನಿಗಿನಿಗಿ ಕೆಂಡ. ಕಾವು ಸಾಲದಾದಾಗ ಅವನು ಹೊಸ ಇದ್ದಿಲು ಹಾಕುತ್ತಿರಲಿಲ್ಲ, ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ಬೀಸುತ್ತಿದ್ದ. ಸ್ಮೋಕರ್ ಕೂಡ ಅಷ್ಟೇ. ತಳದಲ್ಲಿ ಮೂರು ಕಿಂಡಿ, ಮುಚ್ಚಳದಲ್ಲಿ ಒಂದು. ಕೆಳಗಿನದು ಉಸಿರು ಎಳೆದುಕೊಳ್ಳಲು, ಮೇಲಿನದು ಬಿಡಲು. ಮೇಲಿನದನ್ನು ಮುಚ್ಚಲೇಬೇಡಿ. ಹೊಗೆ ಒಳಗೇ ಕೊಳೆತು ತಿನಿಸೆಲ್ಲ ಕಹಿಯಾಗುತ್ತದೆ. ಕಾವು ಏರಿಸುವುದು ಇಳಿಸುವುದೆಲ್ಲ ಕೆಳಗಿನ ಕಿಂಡಿಗಳ ಕೆಲಸ.

ಈಗ ಹೊತ್ತಿಸೋಣ. ಲೈಟರ್ ಫ್ಲೂಯಿಡ್ ಎಂಬ ಸೀಮೆಎಣ್ಣೆಯ ಸೋದರನನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ತಗಡಿನ ಚಿಮಣಿಯೊಂದು ಸಿಗುತ್ತದೆ. ಮೇಲೆ ಇದ್ದಿಲು, ಕೆಳಗೆ ಎರಡು ಹಾಳೆ ಹಳೆಯ ಪೇಪರ್. ಹದಿನೈದಿಪ್ಪತ್ತು ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬೂದು ಬಣ್ಣ ಹತ್ತುತ್ತದೆ. ನಾವು ಪತ್ರಿಕೆ ತರಿಸುವುದು ನಿಲ್ಲಿಸಿ ವರ್ಷಗಳಾದವು. 2022ರ ಮೇ ತಿಂಗಳಿಂದ ನ್ಯೂಜೆರ್ಸಿಯ ದೊಡ್ಡ ದಿನಸಿ ಅಂಗಡಿಗಳು ಕಾಗದದ ಚೀಲವನ್ನೂ ಕೊಡುತ್ತಿಲ್ಲ. ಆದ್ದರಿಂದ ನಮ್ಮಲ್ಲಿ ಮೊಟ್ಟೆಯ ರಟ್ಟಿನ ಡಬ್ಬಿಗೆ ಬಲು ಬೇಡಿಕೆ.

ನಿಧಾನದ ಅಡುಗೆಗೆ ಎಲ್ಲ ಇದ್ದಿಲನ್ನೂ ಹೊತ್ತಿಸಬಾರದು. ಹಸಿ ಇದ್ದಿಲನ್ನು ತಳದಲ್ಲಿ ಗುಡ್ಡೆ ಹಾಕಿ, ಅದರ ಮೇಲೆ ಹತ್ತು ಹನ್ನೆರಡು ಕೆಂಡ ಮಾತ್ರ ಸುರಿಯಿರಿ. ಬೆಂಕಿ ಮೇಲಿನಿಂದ ಕೆಳಕ್ಕೆ ಗಂಟೆಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಜಿಮ್ ಮಿನಿಯನ್ ಎಂಬಾತ ಬಳಕೆಗೆ ತಂದ ಈ ಉಪಾಯಕ್ಕೆ ಅವನ ಹೆಸರೇ ನಿಂತಿದೆ.

ಹೊಗೆಗೆ ಮುಷ್ಟಿ ಗಾತ್ರದ ಎರಡು ಮೂರು ತುಂಡು ಸೇಬಿನ ಮರವೋ ಚೆರಿ ಮರವೋ ಸಾಕು. ಪೈನ್ ಬೇಡ, ಅಂಟಿನ ಮರ. ಬಣ್ಣ ಬಳಿದ ಮರವಂತೂ ಮುಟ್ಟಲೇಬೇಡಿ. ನೀರಲ್ಲಿ ನೆನೆಸಿಡಿ ಎನ್ನುವವರ ಮಾತನ್ನು ನಾವು ಎರಡು ವರ್ಷ ನಂಬಿದ್ದೆವು. ನೆನೆದ ಮರ ಮೊದಲು ಬಿಡುವುದು ಆವಿಯನ್ನು, ಹೊಗೆಯನ್ನಲ್ಲ. ಶುರುವಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ. ಹೊಸಬರು ಅದನ್ನು ಕಂಡು ಹಿಗ್ಗಿ ತಿನಿಸನ್ನು ಒಳಗಿಡುತ್ತಾರೆ. ಕಾಯಬೇಕು. ತೆಳ್ಳಗೆ, ಇದೆಯೋ ಇಲ್ಲವೋ ಎಂಬ ನೀಲಿ ಬಣ್ಣಕ್ಕೆ ಬಂದಾಗ ಅದು ತಿನ್ನುವ ಹೊಗೆ. ತಣ್ಣಗೆ ಒದ್ದೆಯಾಗಿರುವ ಮೇಲ್ಮೈಗೆ ಅದು ಚೆನ್ನಾಗಿ ಹತ್ತುವುದರಿಂದ ಪನೀರನ್ನೋ ಕೋಳಿಯನ್ನೋ ಫ್ರಿಜ್ಜಿನಿಂದ ನೇರ ತಂದಿಡುತ್ತೇವೆ.

ಕಾವು 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಅಂದರೆ 107ರಿಂದ 121 ಸೆಲ್ಸಿಯಸ್. ತಟ್ಟೆಯ ನೀರು 100 ಸೆಲ್ಸಿಯಸ್ ದಾಟಲಾರದ್ದರಿಂದ ಕಾವು ಎಗರಾಡದಂತೆ ಹಿಡಿದಿಡುತ್ತದೆ. ಇಲ್ಲಿ ನಮ್ಮಂಥ ಸಾಫ್ಟ್‌ವೇರಿನವರು ಮಾಡುವ ತಪ್ಪೊಂದಿದೆ. ಕಿಂಡಿ ತಿರುಗಿಸಿದ ತಕ್ಷಣ ಮುಳ್ಳು ಅಲುಗಬೇಕೆಂಬ ಆತುರ! ಪರಿಣಾಮ ಕಾಣಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಮತ್ತೆರಡು ಸಲ ತಿರುಗಿಸಿದಿರೋ, ಕಾವು 300 ದಾಟಿರುತ್ತದೆ. ಕಾವು ತನ್ನ ಅಂಕೆ ದಾಟಿದ ಮೇಲೆ ಇಳಿಸುವುದು ಕಷ್ಟ, ಆದ್ದರಿಂದ 200 ದಾಟುತ್ತಿರುವಾಗಲೇ ಕಿಂಡಿ ಮುಚ್ಚುತ್ತಾ ಬನ್ನಿ. ಮುಚ್ಚಳ ತೆರೆದು ಇಣುಕುವುದೂ ಕೆಂಡಕ್ಕೆ ಗಾಳಿ ಹಾಕಿದಂತೆಯೇ. ಕೋಳಿ ಇಟ್ಟವರು ಒಳಗಿನ ಕಾವು 165 ಫ್ಯಾರನ್‌ಹೀಟ್ ತಲುಪಿತೇ ಎಂದು ಮುಳ್ಳಿನ ಥರ್ಮಾಮೀಟರ್ ಚುಚ್ಚಿ ನೋಡಲೇಬೇಕು. ಹೊಗೆ ಕುಡಿದ ಮಾಂಸ ಬೆಂದರೂ ಗುಲಾಬಿ ಬಣ್ಣ ಬಿಡದಿರಬಹುದು, ಬಣ್ಣ ನಂಬಬೇಡಿ.

ಬದನೆಕಾಯಿಯ ಸರದಿ ಕೊನೆಗೆ. ಎಲ್ಲ ತೆಗೆದ ಮೇಲೆ ನಡುವಿನ ಭಾಗವನ್ನು ಎತ್ತಿಟ್ಟು, ಉಳಿದ ಕೆಂಡದ ಮೇಲೆ ನೇರ ಜಾಲರಿ ಇಟ್ಟು ಸುಡುತ್ತೇವೆ. ಮೊದಲೇ ಒಂದೆರಡು ಕಡೆ ಚುಚ್ಚಿರಿ, ಇಲ್ಲದಿದ್ದರೆ ಢಬ್ ಎಂದೀತು.

ಇನ್ನು ಯಾವ ರೆಸಿಪಿಯಲ್ಲೂ ಬರೆಯದ ಭಾಗ. ಕಿಂಡಿ ಮುಚ್ಚಿ ಕೆಂಡವನ್ನು ನಾವು ಬೇಕೆಂದೇ ಅರೆಹೊಟ್ಟೆಯಲ್ಲಿಡುತ್ತೇವಲ್ಲ, ಅರೆಹೊಟ್ಟೆಯ ಕೆಂಡ ಉಗುಳುವುದು ಕಾರ್ಬನ್ ಮಾನಾಕ್ಸೈಡನ್ನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮ್ಮವರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ, ಅದರ ಮೇಲೆ ಹಾಕಿದ ಸಾಂಬ್ರಾಣಿಯ ಹೊಗೆ ನಮ್ಮ ನೆನಪಿನಲ್ಲಿ ಬೆಚ್ಚಗೆ ಕೂತಿವೆ. ಮನೆಯೊಳಗೆ ಕೆಂಡವೆಂದರೆ ನಮಗೆ ಭಯವಲ್ಲ, ಭದ್ರತೆ. ಆದರೆ ಆ ಮನೆಗೆ ಹೆಂಚಿನ ಸಂದುಗಳಿದ್ದವು, ಮುಚ್ಚಿದರೂ ಮುಚ್ಚದ ಕಿಟಕಿಗಳಿದ್ದವು. ಚಳಿಗೆಂದು ಸಂದುಸಂದೂ ಬಿಗಿದ ಇಲ್ಲಿನ ಮನೆ ಗಾಳಿಯ ಡಬ್ಬಿ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿ ದಿನಗಟ್ಟಲೆ ಕರೆಂಟು ಹೋದಾಗ, ಜನರೇಟರನ್ನೋ ಗ್ರಿಲ್ಲನ್ನೋ ಒಳಗೆ ಹೊತ್ತಿಸಿ ವಿಷಗಾಳಿ ಕುಡಿದವರು ಈ ಪ್ರದೇಶದಲ್ಲೇ ಇದ್ದರು. ಇದ್ದಿಲಿನ ಚೀಲದ ಮೇಲೆ ಮನೆ, ಟೆಂಟು, ಗಾಡಿಗಳ ಚಿತ್ರ ಬರೆದು ಕಾಟು ಹೊಡೆದಿರುತ್ತದೆ, ಇಂಗ್ಲಿಷ್ ಓದಲು ಬಾರದವರಿಗೂ ತಿಳಿಯಲೆಂದು. ಊರಿಂದ ಬಂದ ಅಪ್ಪ-ಅಮ್ಮನಿಗೆ ಆ ಚಿತ್ರ ತೋರಿಸಿ. ಗರಾಜಿನ ಬಾಗಿಲು ತೆರೆದಿದ್ದರೂ ಅದು ಒಳಗೇ.

ಅಪಾರ್ಟ್‌ಮೆಂಟು, ಕಾಂಡೊಗಳ ಬಾಲ್ಕನಿಯಲ್ಲಿ ಗ್ರಿಲ್ ಹೊತ್ತಿಸಲು ನ್ಯೂಜೆರ್ಸಿಯ ಅಗ್ನಿ ನಿಯಮ ಬಿಡುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಇದ್ದಿಲಿನ ಗ್ರಿಲ್ ಕಟ್ಟಡದಿಂದ ಹತ್ತು ಅಡಿ ದೂರವಿರಬೇಕು, ಪಕ್ಕದಲ್ಲೇ ನೀರಿರಬೇಕು. ಸ್ವಂತ ಮನೆಯವರೂ ಈ ಹತ್ತು ಅಡಿಯನ್ನು ಪಾಲಿಸಿದರೆ ಕೆಟ್ಟದ್ದೇನಿಲ್ಲ.

ಉಪದೇಶ ಸಾಕು, ನಮ್ಮ ಕಥೆ ಕೇಳಿ. ಮೊದಲ ವರ್ಷ ಒಂದು ಶನಿವಾರ ಸಂಜೆ ಅಡುಗೆ ಮುಗಿಸಿ ಕಿಂಡಿಗಳನ್ನೆಲ್ಲ ಮುಚ್ಚಿದೆವು. ಭಾನುವಾರ ಬೆಳಿಗ್ಗೆ ಬೂದಿಯ ಮೇಲೆ ಅಂಗೈ ಇಟ್ಟು ನೋಡಿದೆವು. ತಣ್ಣಗಿತ್ತು. ಕಾಗದದ ಚೀಲಕ್ಕೆ ತುಂಬಿ ಡೆಕ್ಕಿನ ಮೂಲೆಯಲ್ಲಿಟ್ಟು, ಒಳಗೆ ಹೋಗಿ ಮಕ್ಕಳ ಹೋಮ್‌ವರ್ಕಿಗೆ ಕೂತೆವು. ನಾಲ್ಕು ಗಂಟೆಗೆ ಪಕ್ಕದ ಮನೆಯಾತ ಬಾಗಿಲು ಬಡಿದ. ಚೀಲ ಇರಲಿಲ್ಲ, ಚೀಲವಿದ್ದ ಹಲಗೆ ಉರಿಯುತ್ತಿತ್ತು, ಜ್ವಾಲೆ ಅಡುಗೆಮನೆಯ ವಿನೈಲ್ ಗೋಡೆಯಿಂದ ಎರಡು ಅಡಿ ದೂರದಲ್ಲಿತ್ತು. ಮೇಲಿನ ಕೋಣೆಯಲ್ಲಿ ಅತ್ತೆಯವರು ಮಲಗಿದ್ದರು. ಹೋಸಿನ ನೀರು ಹೊಡೆದು ಆರಿಸಿದೆವು. ಆ ರಾತ್ರಿ ಇಬ್ಬರೂ ಮಲಗಲಿಲ್ಲ. 'ಬೂದಿ ಮುಚ್ಚಿದ ಕೆಂಡ' ಎಂದು ನಾವು ಸಾಹಿತ್ಯದಲ್ಲಿ ದ್ವೇಷಕ್ಕೂ ಪ್ರೇಮಕ್ಕೂ ಬಳಸಿ ಸವೆಸಿದ್ದೇವೆ. ಅದು ಉಪಮೆಯಾಗುವ ಮೊದಲು ಅಡುಗೆಮನೆಯ ಎಚ್ಚರಿಕೆಯಾಗಿತ್ತು. ಬೂದಿ ಕಾವು ಬಿಟ್ಟುಕೊಡದ ಕಂಬಳಿ, ಒಳಗಿನ ಕೆಂಡ ಒಂದು ದಿನ ಕಳೆದರೂ ಜೀವ ಹಿಡಿದಿರುತ್ತದೆ. ಈಗ 48 ಗಂಟೆ ಕಾಯುತ್ತೇವೆ. ಆಮೇಲೂ ಮುಚ್ಚಳವಿರುವ ಲೋಹದ ಬಕೆಟ್ಟಿಗೇ ಹಾಕುತ್ತೇವೆ, ಅದೂ ಡೆಕ್ಕಿನ ಮೇಲಲ್ಲ, ಬರಿನೆಲದ ಮೇಲೆ.

ಹಾಗೆಂದು ಬೂದಿಯನ್ನು ವಾರಗಟ್ಟಲೆ ಒಳಗೇ ಬಿಡಲೂಬಾರದು. ಪಾತ್ರೆ ತಿಕ್ಕುತ್ತಿದ್ದ ಬೂದಿಯ ಕ್ಷಾರಗುಣವೇ ತೇವ ಹೀರಿ ತಗಡನ್ನು ತಿನ್ನುತ್ತದೆ. ನೀರಿನ ತಟ್ಟೆಯ ಜಿಡ್ಡು ಮರುದಿನವೇ ಚೆಲ್ಲಿ, ಇಲ್ಲದಿದ್ದರೆ ರಾತ್ರಿ ರಕೂನ್‌ಗಳು ಕೂಟ ಸೇರುತ್ತವೆ. ಜಾಲರಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು ಬಿಟ್ಟಿದ್ದೇವೆ, ಕಿತ್ತುಬಂದ ತಂತಿ ಗಂಟಲಿಗೆ ಸಿಕ್ಕೀತು. ಕಾದ ಜಾಲರಿಗೆ ಫೋರ್ಕಿನಲ್ಲಿ ಚುಚ್ಚಿದ ಅರ್ಧ ಈರುಳ್ಳಿ ಉಜ್ಜಿದರೆ ಸಾಕು. ಮುಚ್ಚಳದ ಒಳಗೆ ಕಪ್ಪು ಹಕ್ಕಳೆ ಏಳುವುದನ್ನು ಕಂಡು ಪೇಂಟು ಕಿತ್ತುಬರುತ್ತಿದೆ ಎಂದು ನಾವು ಗಾಬರಿಯಾಗಿದ್ದೆವು. ಅತ್ತೆಯವರು ಒಂದು ಚೂರು ಉಜ್ಜಿ ನೋಡಿ, "ಇಲ್ಲಣ ಕಣ್ರೋ" ಎಂದರು. ಇಪ್ಪತ್ತು ವರ್ಷದಿಂದ ಕಿವಿಗೆ ಬೀಳದ ಪದ! ಪೊರಕೆಯ ಕಡ್ಡಿಯಲ್ಲಿ ಅವರೇ ಗುಡಿಸಿ ತೆಗೆದರು. ಸುಟ್ಟ ಹಲಗೆಯನ್ನು ಮಾತ್ರ ನಾವಿನ್ನೂ ಬದಲಿಸಿಲ್ಲ, ಮುಂದಿನ ಕೂಟಕ್ಕೆ ಬಂದಾಗ ನೋಡಬಹುದು.