ಹರಿದ ಭುಜರಜ್ಜುವಿಗೆ ಜೈವಿಕ ಕಸಿ: ಒಂದು ಐತಿಹಾಸಿಕ ಸಮೀಕ್ಷೆ

ಚರಿತ್ರೆಯ ಅಧ್ಯಾಪಕರಾದ ನಾವು ಶಸ್ತ್ರವೈದ್ಯದ ವಿಷಯವನ್ನು ಕೈಗೆತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಹೊಸ ಉಪಾಯವೊಂದು ಹುಟ್ಟಿ, ಹರಡಿ, ಪರೀಕ್ಷೆಗೊಳಗಾಗುವ ಕ್ರಮವನ್ನು ಅರಿಯುವುದೂ ಚರಿತ್ರೆಯ ಕಾರ್ಯವೇ ಆಗಿದೆ.

ಭುಜದ ಕೀಲನ್ನು ನಾಲ್ಕು ಸ್ನಾಯುಗಳ ರಜ್ಜುಗಳು ಪಟ್ಟಿಯಂತೆ ಬಳಸಿಕೊಂಡು, ತೋಳಿನ ಮೂಳೆಯ ಗುಂಡಾದ ತಲೆಯನ್ನು ಆಳವಿಲ್ಲದ ಗೂಡಿನಲ್ಲಿ ಹಿಡಿದಿಡುತ್ತವೆ. ವಯಸ್ಸಾದಂತೆ ಇವು ಸವೆದು ಹರಿಯುವುದುಂಟು; ಆಗ ತೋಳನ್ನೆತ್ತುವುದು ಕಷ್ಟವಾಗುತ್ತದೆ, ರಾತ್ರಿ ನೋವು ಕಾಡುತ್ತದೆ. ಹರಿದ ರಜ್ಜುವನ್ನು ಹೊಲಿದು ಸರಿಪಡಿಸಿದ ವಿವರವನ್ನು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1911ರಲ್ಲಿ ಪ್ರಕಟಿಸಿದನು. ಆದರೆ ಹರಿವು ದೊಡ್ಡದೂ ಹಳೆಯದೂ ಆದಾಗ ಸ್ನಾಯು ಕುಗ್ಗಿ ಅದರಲ್ಲಿ ಕೊಬ್ಬು ಸೇರುತ್ತದೆ. ರಜ್ಜುವಿನ ತುದಿಯನ್ನು ಮೂಳೆಯವರೆಗೆ ಎಳೆದು ತರುವುದು ಕಷ್ಟ, ತಂದರೂ ಹೊಲಿಗೆ ಬಿಟ್ಟುಕೊಳ್ಳುವ ಭಯವುಂಟು.

ಕಸಿಯ ಯೋಚನೆ ಹುಟ್ಟಿದುದು ಇಲ್ಲಿ. ಕಸಿಯ ಪದಾರ್ಥವನ್ನು ಅಂತರವನ್ನು ತುಂಬುವ ಸೇತುವೆಯಾಗಿ, ಇಲ್ಲವೆ ಹೊಲಿಗೆಯ ಮೇಲೆ ಹಾಕುವ ತೇಪೆಯಾಗಿ ಬಳಸುತ್ತಾರೆ. 1978ರಲ್ಲಿ ಅಮೆರಿಕದ ನೆವಿಯಾಸರ್ ಮನೆತನದ ವೈದ್ಯರು ಮೃತದಾನಿಗಳಿಂದ ಪಡೆದು, ಹೆಪ್ಪುಗಟ್ಟಿಸಿ ಒಣಗಿಸಿದ ರಜ್ಜುವನ್ನು ಬಳಸಿದ ವಿವರವನ್ನು ಪ್ರಕಟಿಸಿದರು. ಮುಂದೆ ಪ್ರಾಣಿಗಳ ಅಂಗಾಂಶದಿಂದ ಜೀವಕೋಶಗಳನ್ನು ತೊಳೆದು, ಕೊಲಾಜೆನ್ ಎಂಬ ನಾರಿನ ಹಂದರವನ್ನು ಮಾತ್ರ ಉಳಿಸುವ ವಿಧಾನ ಬಂದಿತು. ರೋಗಿಯ ಜೀವಕೋಶಗಳು ಈ ಹಂದರವನ್ನು ಹೊಕ್ಕು ಹೊಸ ರಜ್ಜುವನ್ನು ನೇಯುವುವೆಂಬುದು ತರ್ಕ.

ತರ್ಕ ಸೊಗಸಾಗಿತ್ತು, ಪರೀಕ್ಷೆ ಅದನ್ನು ಒಪ್ಪಲಿಲ್ಲ. ಹಂದಿಯ ಸಣ್ಣಕರುಳಿನ ಪದರದಿಂದ ಮಾಡಿದ ತೇಪೆಯನ್ನು 30 ರೋಗಿಗಳಲ್ಲಿ ಹೋಲಿಸಿ ನೋಡಿದ 2006ರ ವರದಿಯಲ್ಲಿ, ತೇಪೆ ಹಾಕಿದ 15 ಭುಜಗಳಲ್ಲಿ 4 ಮಾತ್ರ ವಾಸಿಯಾಗಿದ್ದವು. ಬರಿಯ ಹೊಲಿಗೆಯ 15ರಲ್ಲಿ 9 ವಾಸಿಯಾಗಿದ್ದವು. ಈ ಪದಾರ್ಥದಲ್ಲಿ ಹಂದಿಯ ಜೀವಕೋಶಗಳ ಅವಶೇಷ ಉಳಿದಿದ್ದುದನ್ನು 2005ರಲ್ಲಿಯೇ ತೋರಿಸಲಾಗಿತ್ತು. ಅಷ್ಟರಿಂದಲೇ ಕಸಿಯೆಲ್ಲ ವ್ಯರ್ಥವೆನ್ನಲಾಗದು. ಮಾನವದಾನಿಯ ಚರ್ಮದ ಒಳಪದರವನ್ನು ಬಳಸಿದ 2012ರ ಪರೀಕ್ಷೆಯಲ್ಲಿ, ಚಿತ್ರಣದಿಂದ ನೋಡಿದವರ ಪೈಕಿ ಕಸಿಯುಳ್ಳವರಲ್ಲಿ ಶೇಕಡ 85, ಇಲ್ಲದವರಲ್ಲಿ ಶೇಕಡ 40 ಹೊಲಿಗೆಗಳು ಉಳಿದಿದ್ದವು. ರೋಗಿಗಳ ಸಂಖ್ಯೆ ಮಾತ್ರ ಚಿಕ್ಕದು. 2013ರಲ್ಲಿ ಜಪಾನಿನ ಮಿಹಾತಾ ಅವರು ರೋಗಿಯ ತೊಡೆಯ ಪೊರೆಯಿಂದಲೇ ಕೀಲಿನ ಮೇಲ್ಭಾಗವನ್ನು ಮರುಕಟ್ಟಿದ ಫಲಿತಾಂಶಗಳನ್ನು ಪ್ರಕಟಿಸಿದರು.

ಯುಕ್ತಿಗೆ ಒಪ್ಪಿದುದೆಲ್ಲ ದೇಹಕ್ಕೆ ಒಪ್ಪಬೇಕಾಗಿಲ್ಲ. ಹೋಲಿಸಿ ನೋಡುವ ಮೊದಲೇ ಆ ತೇಪೆಯನ್ನು ಹೊತ್ತ ಭುಜಗಳು ಎಷ್ಟೋ ಇದ್ದವು. ಸೋತ ಪ್ರಯೋಗವನ್ನು ಮುಚ್ಚಿಡದೆ ಪ್ರಕಟಿಸಿದವರಿಗೂ ಚರಿತ್ರೆಯಲ್ಲಿ ಸ್ಥಾನವಿರಬೇಕೆಂಬುದು ನಮ್ಮ ಅಭಿಪ್ರಾಯ.